ಮೋಟಾರಿಲ್ಲದ ಶೇಂಗಾ ಬೀಜ ವಿಂಗಡಣಾ ಯಂತ್ರ: ವಿದ್ಯಾರ್ಥಿ ಪ್ರಾಜೆಕ್ಟಿಗೊಂದು ಸಮಗ್ರ ಮಾರ್ಗದರ್ಶಿ

ಚಿತ್ರದುರ್ಗ ಜಿಲ್ಲೆಯಲ್ಲಿ, ಅದರಲ್ಲೂ ಚಳ್ಳಕೆರೆ ಸೀಮೆಯಲ್ಲಿ, ಮುಂಗಾರಿನ ಶೇಂಗಾವನ್ನು ಅಕ್ಟೋಬರ್ ಮತ್ತು ನವೆಂಬರ್ ಹೊತ್ತಿಗೆ ಕೀಳುತ್ತಾರೆ. ದಾವಣಗೆರೆ ಮತ್ತು ಚಿತ್ರದುರ್ಗದ ಎಂಜಿನಿಯರಿಂಗ್, ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ವಿಷಯ ಹುಡುಕಿ ಅಲೆಯುವ ಕಾಲವೂ ಹೆಚ್ಚುಕಡಿಮೆ ಅದೇ. ಸುಲಿದ ಬೀಜವನ್ನು ಗಾತ್ರದ ಮೇಲೆ ಬೇರ್ಪಡಿಸುವ ಸಣ್ಣ ಯಂತ್ರವೊಂದನ್ನು, ಮೋಟಾರು, ಬ್ಯಾಟರಿ, ಸೆನ್ಸರ್ ಯಾವುದೂ ಇಲ್ಲದೆ, ಕೇವಲ ಗುರುತ್ವಾಕರ್ಷಣೆಯಿಂದ ನಡೆಸುವುದು ಹೇಗೆಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ನಾಲ್ಕು ವಿದ್ಯಾರ್ಥಿಗಳ ತಂಡ ಮೂರು ವಾರಗಳಲ್ಲಿ ಮುಗಿಸಬಹುದಾದ ಕೆಲಸವಿದು. ಕಟ್ಟುವುದಕ್ಕೆ ಹಿಡಿಯುವಷ್ಟೇ ಕಾಲ ಅಳೆಯುವುದಕ್ಕೂ ಹಿಡಿಯುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಶೇಂಗಾ ಬೀಜದ ವ್ಯಾಪಾರದಲ್ಲಿ ಗಾತ್ರವನ್ನು ಮಿಲಿಮೀಟರಿನಲ್ಲಿ ಹೇಳುವುದಿಲ್ಲ, ಕೌಂಟಿನಲ್ಲಿ ಹೇಳುತ್ತಾರೆ. 50-60 ಕೌಂಟ್ ಎಂದರೆ ಒಂದು ಔನ್ಸಿಗೆ, ಅಂದರೆ ಸುಮಾರು 28.35 ಗ್ರಾಮಿಗೆ, 50ರಿಂದ 60 ಬೀಜ ಎಂದರ್ಥ. ಲೆಕ್ಕ ಹಾಕಿದರೆ ಒಂದು ಬೀಜದ ತೂಕ 0.47ರಿಂದ 0.57 ಗ್ರಾಂ ಬರುತ್ತದೆ. ಯಂತ್ರ ಅಳೆಯುವುದು ದಪ್ಪವನ್ನು, ವ್ಯಾಪಾರಿ ಕೇಳುವುದು ತೂಕವನ್ನು. ಒಂದೇ ಆಕಾರದ ಬೀಜಗಳಲ್ಲಿ ತೂಕವು ಅಳತೆಯ ಘನಕ್ಕೆ ಅನುಗುಣವಾಗಿ ಏರುವುದರಿಂದ, 7 ಮಿ.ಮೀ. ದಪ್ಪದ ಬೀಜಕ್ಕಿಂತ 8 ಮಿ.ಮೀ. ಬೀಜ ಸುಮಾರು ಒಂದೂವರೆ ಪಟ್ಟು ತೂಗುತ್ತದೆ. 60 ಕೌಂಟ್ ಇದ್ದದ್ದು 40ಕ್ಕೆ ಇಳಿಯುತ್ತದೆ. ಅಂದರೆ ಯಂತ್ರದಲ್ಲಿ ಬೀಜ ಉದುರುವ ಸಂದಿನಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಬೀಜದ ದರ್ಜೆಯೇ ಬದಲಾಗುತ್ತದೆ. ಮುಂದಿನ ಇಡೀ ಕೆಲಸದಲ್ಲಿ ಎಲ್ಲಿ ಎಷ್ಟು ನಿಖರತೆ ಬೇಕು ಎಂಬ ಪ್ರಶ್ನೆಗೆ ಉತ್ತರ ಈ ಲೆಕ್ಕದಲ್ಲೇ ಇದೆ.

ಯಂತ್ರದ ಮೂಲ ವಿಚಾರ

ದುಂಡನೆಯ ರಾಡುಗಳನ್ನು ಇಳಿಜಾರಾಗಿ, ಮೇಲ್ತುದಿಯಲ್ಲಿ ಸಂದು ಕಿರಿದಾಗಿ, ಕೆಳತುದಿಯ ಕಡೆಗೆ ಅಗಲವಾಗುತ್ತ ಹೋಗುವಂತೆ ಬೀಸಣಿಗೆಯ ಕಡ್ಡಿಗಳ ಹಾಗೆ ಜೋಡಿಸಿದರೆ, ಸಂದಿನ ಮೇಲೆ ಜಾರಿಬರುವ ಬೀಜ ತನ್ನ ದಪ್ಪಕ್ಕಿಂತ ಸಂದು ದೊಡ್ಡದಾದ ಜಾಗದಲ್ಲಿ ಕೆಳಕ್ಕೆ ಉದುರುತ್ತದೆ. ಸಣ್ಣ ಬೀಜ ಮೊದಲು ಬೀಳುತ್ತದೆ, ದಪ್ಪ ಬೀಜ ಕೊನೆಯಲ್ಲಿ. ಕೆಳಗೆ ಮೂರು ಖಾನೆಗಳನ್ನಿಟ್ಟರೆ ಮೂರು ದರ್ಜೆ ಸಿಗುತ್ತದೆ.

ಜರಡಿಯನ್ನೇ ಬಳಸಬಾರದೇಕೆ ಎಂದು ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ದುಂಡು ತೂತಿನ ಜರಡಿ ಬೀಜವನ್ನು ಅಗಲದ ಮೇಲೆ ವಿಂಗಡಿಸುತ್ತದೆ, ಉದ್ದನೆಯ ಸೀಳು ದಪ್ಪದ ಮೇಲೆ ವಿಂಗಡಿಸುತ್ತದೆ. ದುಂಡು ತೂತಿನಲ್ಲಿ ಬೀಜ ನೆಟ್ಟಗೆ ನಿಂತು ಇಳಿಯಬೇಕಾದ್ದರಿಂದ ಅಗಲವೇ ಅಡ್ಡ ಬರುತ್ತದೆ. ಸೀಳಿನಲ್ಲಿ ಅದು ಪಕ್ಕಕ್ಕೆ ಹೊರಳಿ ತನ್ನ ತೆಳುವಾದ ಬದಿಯಿಂದ ನುಸುಳಿಕೊಳ್ಳುತ್ತದೆ. ನಮ್ಮ ರಾಡುಗಳ ಸಂದು ಸೀಳಿನ ಜಾತಿಗೆ ಸೇರಿದ್ದು. ಸಂದು ಬದಲಾಗುತ್ತಲೇ ಹೋಗುವುದರಿಂದ, ತಳಿ ಬದಲಾದಾಗ ಹೊಸ ಜರಡಿ ತರಬೇಕಿಲ್ಲ, ಕೆಳಗಿನ ಖಾನೆಯ ಅಡ್ಡಹಲಗೆಯನ್ನು ಹಿಂದುಮುಂದು ಸರಿಸಿದರೆ ಸಾಕು. ಟಿಎಂವಿ-2ರಂಥ ಸಣ್ಣ ಬೀಜದ ಹಳೆಯ ತಳಿಯೂ ಈಚಿನ ದಪ್ಪ ಬೀಜದ ತಳಿಗಳೂ ಒಂದೇ ಮಾರುಕಟ್ಟೆಗೆ ಬರುವ ಈ ಭಾಗದಲ್ಲಿ ಇದು ಸಣ್ಣ ಅನುಕೂಲವಲ್ಲ.

ಮೊದಲು ಅಳತೆ, ಆಮೇಲೆ ಖರೀದಿ

ಮಾರುಕಟ್ಟೆಯಿಂದ ಎರಡು ಕಿಲೋ ವಿಂಗಡಿಸದ ಬೀಜ ತನ್ನಿ. ಕಣ್ಣುಮುಚ್ಚಿ 100 ಬೀಜ ತೆಗೆದು, ಪ್ರತಿಯೊಂದರ ಉದ್ದ, ಅಗಲ, ದಪ್ಪಗಳನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆದು ಬರೆದುಕೊಳ್ಳಿ. ದವಡೆಯನ್ನು ಬಿಗಿಯಾಗಿ ಒತ್ತಿದರೆ ಬೀಜ ಬೇಳೆಯಾಗಿ ಸೀಳಿಹೋಗುತ್ತದೆ. ಒಬ್ಬರೇ ಕೊನೆಯವರೆಗೆ ಅಳೆದರೆ ಕೈಯ ಒತ್ತಡ ಒಂದೇ ಸಮನಿರುತ್ತದೆ. ದಪ್ಪದ ಅಂಕಿಗಳನ್ನು ಅರ್ಧ ಮಿಲಿಮೀಟರಿನ ಗುಂಪುಗಳಾಗಿ ಹಾಕಿ ಸ್ತಂಭನಕ್ಷೆ ಬರೆದರೆ, ಸಂದು ಎಲ್ಲಿಂದ ಎಲ್ಲಿಯವರೆಗೆ ಇರಬೇಕೆಂಬುದು ತಾನಾಗಿ ತಿಳಿಯುತ್ತದೆ. ಇಲ್ಲಿ ಉದಾಹರಣೆಗಾಗಿ ಮೇಲ್ತುದಿಯಲ್ಲಿ 5 ಮಿ.ಮೀ., ಕೆಳತುದಿಯಲ್ಲಿ 10 ಮಿ.ಮೀ. ಇಟ್ಟುಕೊಂಡಿದ್ದೇನೆ. ರಾಡಿನ ಉದ್ದ ಒಂದು ಮೀಟರ್ ಆದ್ದರಿಂದ ಪ್ರತಿ 20 ಸೆಂ.ಮೀ.ಗೆ ಸಂದು ಒಂದು ಮಿಲಿಮೀಟರ್ ಹಿಗ್ಗುತ್ತದೆ. ಲೆಕ್ಕಕ್ಕೂ ಸುಲಭ, ಪರೀಕ್ಷಕರಿಗೆ ವಿವರಿಸುವುದಕ್ಕೂ ಸುಲಭ.

ಇನ್ನು ಇಳಿಜಾರಿನ ಕೋನ. ಈ ಯಂತ್ರದ ಜೀವಾಳ ಇದು, ನಾನು ವಿದ್ಯಾರ್ಥಿಯಾಗಿದ್ದಾಗ ಮುಗ್ಗರಿಸಿದ್ದೂ ಇಲ್ಲಿಯೇ. ಪುಸ್ತಕದಲ್ಲಿ ಹೇಳಿದಂತೆ ನಾವು ಒಂದು ತಗಡಿನ ಮೇಲೆ ಬೀಜವಿಟ್ಟು, ಒಂದು ಬದಿಯನ್ನು ನಿಧಾನವಾಗಿ ಎತ್ತುತ್ತ, ಬೀಜ ಜಾರಲು ತೊಡಗಿದ ಕೋನವನ್ನು ಅಳೆದೆವು. ಸುಮಾರು 17 ಡಿಗ್ರಿ ಬಂತು. ಅದರ ಟ್ಯಾನ್ ಬೆಲೆ 0.3, ಅದೇ ಘರ್ಷಣಾ ಗುಣಾಂಕ. ಮೂರು ಡಿಗ್ರಿ ಹೆಚ್ಚುವರಿ ಇರಲೆಂದು ರಾಡುಗಳನ್ನು 20 ಡಿಗ್ರಿಗೆ ಬಿಗಿದು ಬೀಜ ಸುರಿದೆವು. ಒಂದೂ ಅಲುಗಲಿಲ್ಲ. ಕರೆಂಟಿನ ತಂತಿಯ ಮೇಲೆ ಗುಬ್ಬಿಗಳು ಕೂತಂತೆ ಸಾಲಾಗಿ ಕೂತಿದ್ದವು.

ಕಾರಣ ಇಷ್ಟೆ: ಚಪ್ಪಟೆ ತಗಡಿನ ಮೇಲೆ ಬೀಜದ ಭಾರವನ್ನು ನೆಟ್ಟಗೆ ಹೊರುವ ಒಂದೇ ಮೇಲ್ಮೈ ಇರುತ್ತದೆ; ಎರಡು ರಾಡುಗಳ ನಡುವೆ ಅದು ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ಎರಡೂ ಕಡೆಯ ರಾಡು ಬೀಜವನ್ನು ಓರೆಯಾಗಿ ಒತ್ತುವುದರಿಂದ ಒತ್ತಡದ ಮೊತ್ತ ಬೀಜದ ಭಾರಕ್ಕಿಂತ ಹೆಚ್ಚಾಗುತ್ತದೆ, ಘರ್ಷಣೆಯೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಲೆಕ್ಕ ಹೀಗಿದೆ: ರಾಡಿನ ತ್ರಿಜ್ಯಕ್ಕೆ ಸಂದಿನ ಅರ್ಧವನ್ನು ಕೂಡಿಸಿ, ಬಂದದ್ದನ್ನು ರಾಡಿನ ಮತ್ತು ಬೀಜದ ತ್ರಿಜ್ಯಗಳ ಮೊತ್ತದಿಂದ ಭಾಗಿಸಿ, ಅದು ಒತ್ತುವ ಕೋನದ ಸೈನ್. ಆ ಕೋನದ ಕಾಸ್ ಬೆಲೆಯಿಂದ ಘರ್ಷಣಾ ಗುಣಾಂಕವನ್ನು ಭಾಗಿಸಿದರೆ ನಿಜವಾಗಿ ಕೆಲಸ ಮಾಡುವ ಗುಣಾಂಕ ಸಿಗುತ್ತದೆ. 12 ಮಿ.ಮೀ. ರಾಡಿನ ಮೇಲೆ 8 ಮಿ.ಮೀ. ಬೀಜವಿದ್ದು ಸಂದು 5 ಮಿ.ಮೀ. ಇದ್ದರೆ ಘರ್ಷಣೆ 1.9 ಪಟ್ಟಾಗಿ, ಜಾರಲು 30 ಡಿಗ್ರಿ ಬೇಕಾಗುತ್ತದೆ. ಸಂದು 6 ಆದರೆ 2.3 ಪಟ್ಟು, ಸುಮಾರು 35 ಡಿಗ್ರಿ. ಸಂದು 7.5 ಮುಟ್ಟಿದಾಗ, ಅಂದರೆ ಬೀಜ ಇನ್ನೇನು ಬೀಳಬೇಕೆಂಬ ಗಳಿಗೆಯಲ್ಲಿ, ನಾಲ್ಕೂವರೆ ಪಟ್ಟು. ಆಗ 53 ಡಿಗ್ರಿ ಬೇಕು!

ಬರೀ ಇಳಿಜಾರನ್ನು ನಂಬಿದರೆ ಬೀಜ ಬೀಳುವ ಜಾಗಕ್ಕೆ ಸ್ವಲ್ಪ ಮೊದಲೇ ಸಿಕ್ಕಿಕೊಂಡು, ಹಿಂದೆ ಬರುವುದನ್ನೆಲ್ಲ ತಡೆಯುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇಳಿಜಾರನ್ನು 53 ಡಿಗ್ರಿಗೆ ಏರಿಸಿದರೆ ಮೇಲಿನ ಅರ್ಧದಲ್ಲಿ ಬೀಜ ಧಾವಿಸಿ ಬಂದು, ತಾನು ಬೀಳಬೇಕಾದ ಜಾಗವನ್ನು ದಾಟಿ ಹಾರುತ್ತದೆ. ಆದ್ದರಿಂದ ಇಳಿಜಾರನ್ನು 35 ಡಿಗ್ರಿಗೆ ನಿಲ್ಲಿಸಿ, ಉಳಿದ ಕೊರತೆಯನ್ನು ಲಯಬದ್ಧವಾದ ಸಣ್ಣ ಪೆಟ್ಟಿನಿಂದ ತುಂಬಿಸಬೇಕು. ಆ ಪೆಟ್ಟನ್ನೂ ಗುರುತ್ವಾಕರ್ಷಣೆಯೇ ಕೊಡುವಂತೆ ಮಾಡುವುದು ಈ ವಿನ್ಯಾಸದ ಮುಖ್ಯ ಸಂಗತಿ.

ಬೇಕಾಗುವ ಸಾಮಾನು

12 ಮಿ.ಮೀ. ಬ್ರೈಟ್ ರಾಡ್ (ನುಣುಪು ಮೈಯ ಉಕ್ಕಿನ ರಾಡು), ತಲಾ ಒಂದು ಮೀಟರಿನವು ಐದು, ಒಟ್ಟು ತೂಕ ಸುಮಾರು ನಾಲ್ಕೂವರೆ ಕಿಲೋ. ಕಟ್ಟಡಕ್ಕೆ ಬಳಸುವ ಗೆರೆಗೆರೆಯ ಕಬ್ಬಿಣ ಖಂಡಿತ ಆಗದು. ಹಳೆಯ ರ‍್ಯಾಕಿನ ಸ್ಲಾಟೆಡ್ ಆಂಗಲ್, 5 ಮಿ.ಮೀ. ದಪ್ಪದ ಎರಡು ಕಬ್ಬಿಣದ ಪಟ್ಟಿ, 12 ಮಿ.ಮೀ. ಪ್ಲೈವುಡ್, ಒಂದಿಷ್ಟು ಜಿಐ ತಗಡು, 8 ಮಿ.ಮೀ. ಒಳವ್ಯಾಸದ ಎರಡು ಬೇರಿಂಗ್ (608 ಎಂದು ಕೇಳಿದರೆ ಕೊಡುತ್ತಾರೆ), ನೈಲಾನ್ ದಾರ, ಒಂದು ಲೀಟರಿನ ನೀರಿನ ಬಾಟಲಿ, ಹಳೆಯ ಟೈರಿನ ತುಂಡುಗಳು, ನಟ್ಟು ಬೋಲ್ಟು. ಹೊಳಪಿಗೆ ಮರುಳಾಗಿ ದಪ್ಪನೆಯ ಸ್ಟೀಲ್ ಕರ್ಟನ್ ಪೈಪ್ ಕೊಳ್ಳಬೇಡಿ: ಮೇಲಿನ ಲೆಕ್ಕದಲ್ಲಿ 25 ಮಿ.ಮೀ. ಹಾಕಿ ನೋಡಿದರೆ, ರಾಡು ದಪ್ಪವಾದಷ್ಟೂ ಬೆಣೆಯ ಹಿಡಿತ ಬಿಗಿಯಾಗುತ್ತದೆ ಎಂಬುದು ಕಾಣುತ್ತದೆ. ತೀರಾ ತೆಳುವಾದ ರಾಡು ನಡುವೆ ಬಾಗುತ್ತದೆ. 12 ಮಿ.ಮೀ. ಎರಡರ ನಡುವಿನ ರಾಜಿ.

ರಾಡುಗಳ ಚೌಕಟ್ಟು

ಒಂದೊಂದು ರಾಡಿನ ಎರಡೂ ತುದಿಗೆ ಲೇಥಿನಲ್ಲಿ ತೂತು ಕೊರೆಸಿ 6 ಮಿ.ಮೀ. ಬೋಲ್ಟು ಕೂರುವಂತೆ ಟ್ಯಾಪ್ ಹಾಕಿಸಿ, ಅಂದರೆ ತೂತಿನೊಳಗೆ ತಿರುಪಿನ ಗೆರೆ ಕೊರೆಸಿ. ಮೇಲಿನ ಪಟ್ಟಿಯಲ್ಲಿ ತೂತುಗಳ ನಡುವೆ 17 ಮಿ.ಮೀ. ಅಂತರವಿರಲಿ, ರಾಡಿನ 12 ಕಳೆದರೆ ಸಂದು 5 ಉಳಿಯುತ್ತದೆ. ಕೆಳಗಿನ ಪಟ್ಟಿಯಲ್ಲಿ ಅಂತರ 22 ಮಿ.ಮೀ., ಆದರೆ ಅಲ್ಲಿ ದುಂಡು ತೂತಿನ ಬದಲು ಅಡ್ಡಕ್ಕೆ 8 ಮಿ.ಮೀ. ಉದ್ದದ ಸೀಳು ಮಾಡಿದರೆ, ರಾಡಿನ ತುದಿಯನ್ನು ಎರಡೂ ಕಡೆಗೆ ಒಂದೊಂದು ಮಿಲಿಮೀಟರ್ ಸರಿಸಿ ಹೊಂದಿಸಬಹುದು. ಎರಡು ರಾಡುಗಳ ನಡುವೆ ಬರುವ ಪಟ್ಟಿಯ ಮೇಲಂಚನ್ನು ಹ್ಯಾಕ್ಸಾದಿಂದ ಕತ್ತರಿಸಿ, ಅರದಿಂದ ತಿಕ್ಕಿ, ಹಲ್ಲುಗಳ ನಡುವಿನ ಸಂದಿನಂತೆ ತಗ್ಗು ಮಾಡಲೇಬೇಕು. ಇದನ್ನು ಮರೆತರೆ ಕೆಳತುದಿಗೆ ಬಂದ ಬೀಜ ಪಟ್ಟಿಗೆ ತಾಗಿ ಅಲ್ಲೇ ರಾಶಿಯಾಗುತ್ತದೆ.

ಸಂದನ್ನು ಅಳೆಯಲು ವರ್ನಿಯರ್ ಒಳಗೆ ತೂರುವುದು ಕಷ್ಟ. ವರ್ಕ್‌ಶಾಪಿನ ಹಳೆಯ ಉಪಾಯವೊಂದಿದೆ: ಡ್ರಿಲ್ ಬಿಟ್ಟುಗಳನ್ನೇ ಗೇಜಿನಂತೆ ಬಳಸುವುದು. ಮೇಲ್ತುದಿಯಲ್ಲಿ 5 ಮಿ.ಮೀ. ಬಿಟ್ಟಿನ ನುಣುಪಾದ ಹಿಂಭಾಗವನ್ನು ಸಂದಿಗೆ ಇಳಿಸಿ. ಅದು ಸಡಿಲವಾಗಿ ಬೀಳಬಾರದು, ಒತ್ತಿ ತುರುಕುವಂತೆಯೂ ಇರಬಾರದು. ಎರಡು ಬೆರಳಿನಲ್ಲಿ ಹಿಡಿದು ಎಳೆದರೆ ಸಣ್ಣ ತಡೆ ಕೈಗೆ ಸಿಗಬೇಕು. ಅಲ್ಲಿಂದ 20 ಸೆಂ.ಮೀ. ಕೆಳಗೆ 6ರ ಬಿಟ್ಟು, 40ರಲ್ಲಿ 7, 60ರಲ್ಲಿ 8, 80ರಲ್ಲಿ 9, ತುದಿಯಲ್ಲಿ 10. ನಾಲ್ಕೂ ಸಂದುಗಳಲ್ಲಿ ಹೀಗೆ ನೋಡಿ ಬೋಲ್ಟು ಬಿಗಿಯಿರಿ. ತುದಿಗಳಲ್ಲಿ ಸರಿಯಿದ್ದು ನಡುವೆ ಮಾತ್ರ ತಪ್ಪುತ್ತಿದ್ದರೆ ರಾಡು ಬಾಗಿದೆ ಎಂದರ್ಥ; ಗಾಜಿನ ಮೇಜಿನ ಮೇಲೆ ಉರುಳಿಸಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ಈ ಚೌಕಟ್ಟನ್ನು ಸ್ಲಾಟೆಡ್ ಆಂಗಲಿನ ಕಾಲುಗಳ ಮೇಲೆ, ಮೇಲ್ತುದಿ ಕೆಳತುದಿಗಿಂತ 57 ಸೆಂ.ಮೀ. ಎತ್ತರದಲ್ಲಿರುವಂತೆ ಕೂರಿಸಿದರೆ 35 ಡಿಗ್ರಿ ಬರುತ್ತದೆ. ಚೌಕಟ್ಟು ಮತ್ತು ಕಾಲುಗಳ ನಡುವೆ ಟೈರಿನ ತುಂಡು ಇಡುವುದು ಕಡ್ಡಾಯ. ನೇರವಾಗಿ ಬಿಗಿದರೆ ಪೆಟ್ಟಿನ ಕಂಪನವೆಲ್ಲ ನೆಲಕ್ಕೆ ಇಳಿದುಹೋಗಿ ಬೀಜಕ್ಕೆ ಏನೂ ಮುಟ್ಟುವುದಿಲ್ಲ.

ಬಾಟಲಿಯಿಂದ ನಡೆಯುವ ಸುತ್ತಿಗೆ

ಪ್ಲೈವುಡ್ಡಿನಲ್ಲಿ 20 ಸೆಂ.ಮೀ. ವ್ಯಾಸದ ಚಕ್ರ ಕತ್ತರಿಸಿ, ಅಂಚಿನ ಬಳಿ ಸಮ ಅಂತರದಲ್ಲಿ 12 ಗೂಟಗಳನ್ನು ಕೂರಿಸಿ. ಚಕ್ರವನ್ನು ಎರಡು ಬೇರಿಂಗುಗಳ ಮೇಲೆ ತಿರುಗುವ ಅಚ್ಚಿಗೆ (ಆಕ್ಸಲಿಗೆ) ಬಿಗಿಯಿರಿ. ಅದೇ ಅಚ್ಚಿಗೆ 40 ಮಿ.ಮೀ. ಹೊರವ್ಯಾಸದ ಪೈಪಿನ ತುಂಡನ್ನು ಉರುಳೆಯಾಗಿ ಜೋಡಿಸಿ ದಾರ ಸುತ್ತಿ, ದಾರದ ತುದಿಗೆ ನೀರಿನ ಬಾಟಲಿ ಕಟ್ಟಿ. ಬಾಟಲಿ ಇಳಿಯುತ್ತ ಚಕ್ರ ತಿರುಗಿದಂತೆ, ಪ್ರತಿ ಗೂಟವೂ ಸುತ್ತಿಗೆಯ ಹಿಂಬಾಲವನ್ನು ಒತ್ತಿ ತಲೆಯನ್ನು ಎತ್ತುತ್ತದೆ, ದಾಟಿದೊಡನೆ ಬಿಟ್ಟುಬಿಡುತ್ತದೆ; ಸುತ್ತಿಗೆ ಚೌಕಟ್ಟಿನ ಮೇಲ್ಪಟ್ಟಿಗೆ ಬಡಿಯುತ್ತದೆ. 16 ಮಿ.ಮೀ. ರಾಡಿನ 13 ಸೆಂ.ಮೀ. ತುಂಡು ಸುಮಾರು 200 ಗ್ರಾಂ ತೂಗುತ್ತದೆ, ಸುತ್ತಿಗೆಯ ತಲೆಗೆ ಅದು ಸಾಕು. ಬಡಿಯುವ ಮುಖಕ್ಕೆ ರಬ್ಬರ್ ವಾಷರ್ ಅಂಟಿಸಿ, ಇಲ್ಲದಿದ್ದರೆ ಅದರ ಸದ್ದಿಗೆ ಪಕ್ಕದ ಲ್ಯಾಬಿನವರು ಓಡಿಬರುತ್ತಾರೆ.

ಲೆಕ್ಕವನ್ನು ವರದಿಯಲ್ಲಿ ಹೀಗೆ ಬರೆಯಬಹುದು. 200 ಗ್ರಾಂ ತಲೆಯನ್ನು 3 ಸೆಂ.ಮೀ. ಎತ್ತಲು 0.059 ಜೂಲ್ ಬೇಕು. ಉರುಳೆಯ ಒಂದು ಸುತ್ತಿಗೆ ದಾರ 126 ಮಿ.ಮೀ. ಇಳಿಯುತ್ತದೆ, ಒಂದು ಗೂಟಕ್ಕೆ 10.5 ಮಿ.ಮೀ. ಅಷ್ಟು ಇಳಿಯುವುದರಲ್ಲಿ ಅಷ್ಟು ಶಕ್ತಿ ಕೊಡಲು ಘರ್ಷಣೆಯಿಲ್ಲದಿದ್ದರೆ ಸುಮಾರು 570 ಗ್ರಾಂ ಸಾಕಾಗುತ್ತದೆ. ಘರ್ಷಣೆ ಇರುವುದರಿಂದ ಹೆಚ್ಚು ಬೇಕು. ಬಾಟಲಿಗೆ ಅರ್ಧ ಲೀಟರ್ ನೀರು ಹಾಕಿ, ಅಲ್ಲಿಂದ ಲೋಟಲೋಟವಾಗಿ ಏರಿಸುತ್ತ ಹೋದರೆ, ಚಕ್ರ ತಡೆಯಿಲ್ಲದೆ ತಿರುಗತೊಡಗುವ ಭಾರ ಸಿಗುತ್ತದೆ. ಒಂದು ಮೀಟರ್ ಇಳಿಯುವಷ್ಟರಲ್ಲಿ ಸುಮಾರು 95 ಪೆಟ್ಟು ಬೀಳುತ್ತದೆ.

ಭಾರ ಸ್ವಲ್ಪ ಹೆಚ್ಚಾದರೂ ಚಕ್ರ ಓಟ ಕೀಳುತ್ತದೆ. ಇದಕ್ಕೆ ಅಚ್ಚಿನ ತುದಿಗೆ ರಟ್ಟಿನ ಎರಡು ರೆಕ್ಕೆ ಕಟ್ಟಿದರೆ ಗಾಳಿಯ ತಡೆಯಿಂದ ವೇಗ ಸ್ವಲ್ಪ ಹಿಡಿತಕ್ಕೆ ಬರುತ್ತದೆ; ಸೆಕೆಂಡಿಗೆ ಎರಡು ಪೆಟ್ಟು ಬೀಳುವಂತೆ ನೀರು, ರೆಕ್ಕೆ ಎರಡನ್ನೂ ಹೊಂದಿಸಿ. ಆದರೆ ಬಯಲಿನಲ್ಲಿ ಪ್ರದರ್ಶಿಸಲು ಹೋಗಬೇಡಿ. ಜೋಗಿಮಟ್ಟಿಯ ಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವ ಚಿತ್ರದುರ್ಗದ ಗಾಳಿಗೆ ನಮ್ಮ ರಟ್ಟಿನ ರೆಕ್ಕೆ ಯಾವ ಲೆಕ್ಕ. ಒಮ್ಮೆ ಕಾಲೇಜಿನ ಅಂಗಳದಲ್ಲಿ ಬಾಟಲಿ ನಡುದಾರಿಯಲ್ಲೇ ನಿಂತು ತೂಗಾಡಿತ್ತು.

ಬೀಜ ಉಣಿಸುವ ತಟ್ಟೆ

ಬಹಳಷ್ಟು ತಂಡಗಳು ಮೇಲೊಂದು ಡಬ್ಬಿ ಇಟ್ಟು, ಕೆಳಗೆ ತೂತು ಮಾಡಿ ಬಿಡುತ್ತವೆ. ತೂತು ಸಣ್ಣದಾದರೆ ಬೀಜಗಳು ಒಂದಕ್ಕೊಂದು ಆತು ಕಮಾನು ಕಟ್ಟುತ್ತವೆ, ದೊಡ್ಡದಾದರೆ ಒಮ್ಮೆಲೇ ಸುರಿಯುತ್ತವೆ. ತೂತನ್ನು ದೊಡ್ಡದಾಗಿಯೇ ಬಿಟ್ಟು, ಅದರ ಕೆಳಗೆ ತಗಡಿನ ತಟ್ಟೆಯೊಂದನ್ನು ಇಟ್ಟು, ಅದನ್ನು ಜಾರುವ ಕೋನಕ್ಕಿಂತ ಕಡಿಮೆ ಓರೆಯಲ್ಲಿ ನಿಲ್ಲಿಸುವುದು ಉತ್ತಮ. ನಿಮ್ಮ ತಗಡಿನ ಮೇಲೆ ಬೀಜ 17 ಡಿಗ್ರಿಯಲ್ಲಿ ಜಾರುತ್ತಿದ್ದರೆ ತಟ್ಟೆ 13 ಡಿಗ್ರಿಯಲ್ಲಿರಲಿ. ಆಗ ಬೀಜ ತಾನಾಗಿ ಬರುವುದಿಲ್ಲ, ಪೆಟ್ಟು ಬಿದ್ದಾಗ ಮಾತ್ರ ಒಂದು ಹೆಜ್ಜೆ ಮುಂದೆ ಸರಿಯುತ್ತದೆ. ತಟ್ಟೆಯನ್ನು ರಾಡಿನ ಚೌಕಟ್ಟಿಗೇ ಬಿಗಿದರೆ, ಒಂದೇ ಸುತ್ತಿಗೆ ಬೀಜವನ್ನು ಉಣಿಸುತ್ತದೆ, ಸಿಕ್ಕಿಕೊಂಡದ್ದನ್ನು ಬಿಡಿಸುತ್ತದೆ, ಬಾಟಲಿ ನೆಲ ಮುಟ್ಟಿದ ಕೂಡಲೇ ಎರಡನ್ನೂ ನಿಲ್ಲಿಸುತ್ತದೆ. ಇಡೀ ಯಂತ್ರದಲ್ಲಿ ನನಗೆ ಬಹಳ ಮೆಚ್ಚುಗೆಯಾದ ಭಾಗವಿದು. ಮೊದಲ ಬಾರಿ ನೋಡಿದಾಗ ಯಾರೋ ಸ್ವಿಚ್ಚು ಆರಿಸಿದಂತೆ ಅನಿಸಿತು.

ತಟ್ಟೆಯ ತಗಡನ್ನು 17 ಮಿ.ಮೀ.ಗೊಂದರಂತೆ ನಾಲ್ಕು ಕಾಲುವೆಗಳಾಗಿ ಮಡಚಿದರೆ ಬೀಜ ಉದ್ದುದ್ದಕ್ಕೆ ತಿರುಗಿ, ನೇರವಾಗಿ ಸಂದಿನ ಮೇಲೆ ಇಳಿಯುತ್ತದೆ. ಒಂದು ಪೆಟ್ಟಿಗೆ ನಾಲ್ಕು ಸಾಲಿನಿಂದ ಒಂದೊಂದು ಬೀಜ ಬಂದರೆ ಸೆಕೆಂಡಿಗೆ ಎಂಟು. ಬೀಜಕ್ಕೆ 0.45 ಗ್ರಾಂ ಹಿಡಿದರೆ ಗಂಟೆಗೆ ಸುಮಾರು 13 ಕಿಲೋ ಆಗುತ್ತದೆ, ಬಾಟಲಿ ಮೇಲೆತ್ತುವ ಹೊತ್ತನ್ನು ಬಿಟ್ಟು.

ಖಾನೆಗಳು

ಅಡ್ಡಹಲಗೆಗಳನ್ನು 40 ಸೆಂ.ಮೀ. ಮತ್ತು 60 ಸೆಂ.ಮೀ. ಗುರುತಿನ ಕೆಳಗೆ, ಅಂದರೆ 7 ಮತ್ತು 8 ಮಿ.ಮೀ. ಸಂದಿನ ಕೆಳಗೆ, ಸರಿಸಲು ಬರುವಂತೆ ನಿಲ್ಲಿಸಿ. ಅವುಗಳ ಮೇಲಂಚು ರಾಡಿಗೆ ಆದಷ್ಟು ಹತ್ತಿರವಿರಬೇಕು. ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಬರುವ ಬೀಜ 5 ಸೆಂ.ಮೀ. ಕೆಳಗೆ ಬೀಳುವಷ್ಟರಲ್ಲಿ ಹೆಚ್ಚೆಂದರೆ ಅಷ್ಟೇ ದೂರ ಮುಂದೆ ಹೋಗಿರುತ್ತದೆ. ನಮ್ಮ ಸಂದಿನ ಲೆಕ್ಕದಲ್ಲಿ ಅದು ಕಾಲು ಮಿಲಿಮೀಟರಿನ ತಪ್ಪು. ಖಾನೆಯ ತಳಕ್ಕೆ ಗೋಣಿಬಟ್ಟೆ ಹಾಸಿದರೆ ಬೀಜದ ಸಿಪ್ಪೆ ಏಳುವುದಿಲ್ಲ. ಕೆಳತುದಿಯಿಂದ ಹೊರಗೆ ಬೀಳುವ ಸುಲಿಯದ ಕಾಯಿ, ದಪ್ಪ ಹೆಂಟೆಗಳಿಗೆ ಒಂದು ಬುಟ್ಟಿ ಬೇರೆ ಇರಲಿ.

ಪರೀಕ್ಷೆ ಮತ್ತು ವರದಿ

ದಪ್ಪವನ್ನು ಕೈಯಿಂದ ಅಳೆದು, 7ಕ್ಕಿಂತ ಕಡಿಮೆ, 7ರಿಂದ 8, 8ಕ್ಕಿಂತ ಹೆಚ್ಚು ಎಂದು ಮೂರು ಗುಂಪು ಮಾಡಿ, ಗುಂಪಿಗೆ 100ರಂತೆ ಬೀಜ ಆರಿಸಿ, ಒಂದೊಂದು ಗುಂಪಿಗೆ ಒಂದೊಂದು ಬಣ್ಣದ ಮಾರ್ಕರಿನಿಂದ ಚುಕ್ಕೆಯಿಡಿ. 300 ಬೀಜಗಳನ್ನೂ ಬೆರೆಸಿ ಯಂತ್ರಕ್ಕೆ ಹಾಕಿ, ಪ್ರತಿ ಖಾನೆಯಲ್ಲಿ ಯಾವ ಬಣ್ಣದವು ಎಷ್ಟು ಬಿದ್ದವೆಂದು ಎಣಿಸಿ ಕೋಷ್ಟಕ ಮಾಡಿ. ಐದು ಬಾರಿ ಮಾಡಿ ಸರಾಸರಿ ತೆಗೆಯಿರಿ. ಇದರ ಜೊತೆಗೆ ಪ್ರತಿ ಖಾನೆಯಿಂದ 28.35 ಗ್ರಾಂ ತೂಗಿ ಎಣಿಸಿದರೆ ಕೌಂಟ್ ಸಿಗುತ್ತದೆ. ವ್ಯಾಪಾರಿಗೆ ಅರ್ಥವಾಗುವ ಅಂಕಿ ಅದು. ಒಡೆದ ಮತ್ತು ಸಿಪ್ಪೆ ಎದ್ದ ಬೀಜಗಳನ್ನು ಯಂತ್ರಕ್ಕೆ ಹಾಕುವ ಮೊದಲು ಮತ್ತು ಆಮೇಲೆ ಎಣಿಸುವುದನ್ನು ಬಿಡಬೇಡಿ, ಪರೀಕ್ಷಕರಲ್ಲಿ ಯಾರಾದರೊಬ್ಬರು ಅದನ್ನು ಕೇಳುತ್ತಾರೆ.

ತಪ್ಪುಗಳ ಸ್ವರೂಪವೇ ಕಾರಣವನ್ನು ಹೇಳುತ್ತದೆ. ಸಣ್ಣ ಬೀಜ ದೊಡ್ಡದರ ಖಾನೆಗೆ ಬಂದಿದ್ದರೆ ವೇಗ ಹೆಚ್ಚಾಗಿದೆ, ಇಲ್ಲವೇ ಒಂದರ ಬೆನ್ನ ಮೇಲೊಂದು ಸವಾರಿ ಮಾಡಿಕೊಂಡು ಬರುತ್ತಿವೆ: ಉಣಿಸುವುದನ್ನು ತಗ್ಗಿಸಿ. ದೊಡ್ಡ ಬೀಜ ಸಣ್ಣದರ ಖಾನೆಯಲ್ಲಿದ್ದರೆ ಒಂದು ಸಂದು ಮಾತ್ರ ಅಗಲವಾಗಿದೆ: ಡ್ರಿಲ್ ಬಿಟ್ಟು ಹಿಡಿದು ಹುಡುಕಿ. ನಡುವೆ ಸಿಕ್ಕಿಕೊಳ್ಳುತ್ತಿದ್ದರೆ ಪೆಟ್ಟು ಸಾಲದು. ಸುತ್ತಿಗೆ ಏಳುವ ಎತ್ತರವನ್ನು ಹೆಚ್ಚಿಸಿ, ಬಾಟಲಿಗೂ ಸ್ವಲ್ಪ ನೀರು ಸೇರಿಸಿ.

ಯಂತ್ರಕ್ಕೆ ಆಗದ ಕೆಲಸವನ್ನೂ ವರದಿಯಲ್ಲಿ ಬರೆಯಬೇಕು. ಮಿಲ್ಲಿನಲ್ಲಿ ಬೀಜ ಆರಿಸುತ್ತಿದ್ದ ಹಿರಿಯ ಹೆಣ್ಣುಮಗಳೊಬ್ಬರು ನಮ್ಮ ಮಾತು ಕೇಳಿಸಿಕೊಂಡು, "ಜಳ್ಳು ನಮ್ ಕೈಗೆ ಗೊತ್ತಾಗ್ತತೆ ಕಣಪ್ಪ, ನಿಮ್ ಮಿಷನ್ನಿಗೆ ಗೊತ್ತಾಗ್ತತಾ?" ಎಂದಿದ್ದರು. ಗೊತ್ತಾಗುವುದಿಲ್ಲ. ಮುರುಟಿದ ಬೀಜ, ಬೇಳೆ ತೆಳ್ಳಗಿರುವುದರಿಂದ ಮೊದಲ ಖಾನೆಗೆ ಬೀಳುತ್ತವೆ, ಅಷ್ಟು ಮಟ್ಟಿಗೆ ಲಾಭ. ಆದರೆ ದಪ್ಪಗಿದ್ದೂ ಬಣ್ಣಗೆಟ್ಟ, ಬೂಸ್ಟು ಹಿಡಿದ ಬೀಜ ನೇರವಾಗಿ ಉತ್ತಮ ದರ್ಜೆಯ ಖಾನೆಗೇ ಹೋಗುತ್ತದೆ. ಬೀಜದ ಗಾತ್ರದ ಕಲ್ಲೂ ಹಾಗೆಯೇ. ಆರಿಸುವ ಕೈಗೆ ಈ ಯಂತ್ರ ಬದಲಿಯಲ್ಲ, ಆ ಕೈಗೆ ಒಂದೇ ಗಾತ್ರದ ಬೀಜ ಒದಗಿಸಿಕೊಡುವ ಸಾಧನ ಮಾತ್ರ.

ಕೊನೆಯದಾಗಿ, ಪ್ರತಿ ಎರಡು ಮೂರು ಕಿಲೋ ಬೀಜ ಹಾದ ಮೇಲೆ ರಾಡುಗಳನ್ನು ಒಣಬಟ್ಟೆಯಿಂದ ಒರೆಸಿ. ಒಡೆದ ಬೀಜದ ಎಣ್ಣೆಗೆ ಸಿಪ್ಪೆಯ ಪುಡಿ ಮೆತ್ತಿಕೊಂಡು ರಾಡು ಅಂಟಂಟಾಗುತ್ತದೆ, ಮತ್ತೆ ಗುಬ್ಬಿಗಳು ತಂತಿಯ ಮೇಲೆ ಕೂರತೊಡಗುತ್ತವೆ. ಪ್ರದರ್ಶನದ ದಿನ ಬೆಳಿಗ್ಗೆ ಮೊದಲು ಮಾಡಬೇಕಾದ ಕೆಲಸ ಅದು, ಆಮೇಲೆ ಬಾಟಲಿಗೆ ನೀರು.